ನುಂಗಿಹೋದ ಹಕಾರ

ಶ್ರೀಹರಿ

ರಾಜಗೋಪಾಲನಗರ
19-11-2012, ಕಾರ್ತಿಕ ಸೋಮವಾರ

ಭದ್ರಿಗೆ ನಿನ್ನ ಸೊಣ್ಣಿ ಮಾಡುವ ನಮಸ್ಕಾರ.

ನಾವಿಬ್ಬರೂ ಕ್ಷೇಮ. ಬೇಗೂರಿನಲ್ಲಿ ಮಗಳ ಮನೆ ನಿನಗೆ ಒಗ್ಗಿದೆಯೆಂದು ನಂಬಿದ್ದೇನೆ. ನಿಮ್ಮ ಯಜಮಾನರು ಮಡಿವಾಳಣ್ಣ ಹೋಗಿ ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ತಪ್ಪು ನನ್ನದು. ತಿಥಿಗೂ ಬರಲಿಲ್ಲ. ಇವರು ಬೇಡವೆಂದರು, ನಾನೂ ಒತ್ತಾಯಿಸಲಿಲ್ಲ.

ಒಂದು ಸುದ್ದಿ ಇದೆ. ನಿಮ್ಮ ಪ್ರೆಸ್ಸಿನಲ್ಲಿ ಅಚ್ಚಾದ ಇವರ ಪತ್ತೇದಾರಿ ಕಾದಂಬರಿ ‘ಮೂರನೇ ಪಾಳಿಯ ಹೆಣ’ ನೆನಪಿದೆಯಲ್ಲ? ವೇಣಿ ಎಂಬ ಹುಡುಗಿ ಅದನ್ನು ಫುಟ್‌ಪಾತಿನ ಹಳೇ ಪುಸ್ತಕಗಳಲ್ಲಿ ಕಂಡು, ನಮ್ಮ ಮನೆ ಹುಡುಕಿಕೊಂಡು ಬಂದಳು. ಮಹದೇವಪುರದಲ್ಲಿ ಕಂಪನಿ ಕೆಲಸ, ರಜೆಯಲ್ಲಿ ಚಿತ್ರ ಬರೆಯುವುದು. ಇಡೀ ಕಾದಂಬರಿಯನ್ನು ಚೌಕ ಚೌಕವಾಗಿ ಚಿತ್ರದಲ್ಲೇ ಹೇಳುತ್ತಾಳಂತೆ. ಮಕ್ಕಳಿಗಲ್ಲ, ದೊಡ್ಡವರಿಗೆ, ಬರೀ ಕಪ್ಪು ಮಸಿಯಲ್ಲಿ. ಇವರು ‘ಕತ್ತಲಾಗಿತ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಕ್ಕೆ ಅವಳು ಅರ್ಧ ಪುಟ ಮಸಿ ಬಳಿಯುತ್ತಾಳೆ. ಆ ಪುಸ್ತಕದಲ್ಲಿ ಒಬ್ಬನೂ ಒಳ್ಳೆಯವನಿಲ್ಲ. ಅವಳಿಗೆ ಹಿಡಿಸಿದ್ದೇ ಅದಂತೆ.

ಮೊದಲ ಭಾನುವಾರ ತಂದ ಚಿತ್ರದಲ್ಲಿ ಪತ್ತೇದಾರ ಸಿಗರೇಟು ಕಚ್ಚಿಕೊಂಡು, ಬೂಟು ಹಾಕಿಕೊಂಡು ಸತ್ತವನ ಮನೆಯ ದೇವರ ಗೂಡಿನ ಮುಂದೆ ನಿಂತಿದ್ದ.

“ಪತ್ತೇದಾರ ಆದ್ರೇನಮ್ಮ, ದೇವರ ಮುಂದೆ ಬೂಟಾ?” ಎಂದೆ.

“ಆಂಟಿ, ಅವನು ಯಾರಿಗೂ ಬಗ್ಗದ ಆಸಾಮಿ.”

“ಬಗ್ಗೋದು ಬ್ಯಾಡ. ಬೂಟು ಬಿಚ್ಲಿ ಸಾಕು.”

ನಕ್ಕಳು. ಮುಂದಿನ ವಾರ ಬರಿಗಾಲಲ್ಲಿ ನಿಲ್ಲಿಸಿ ತಂದಳು. ಸಿಗರೇಟು ಹಾಗೇ ಇತ್ತು.

ನಿನ್ನೆ ಕೊನೆಯ ಅಧ್ಯಾಯ ತಂದಿದ್ದಳು. ಕಾರ್ಖಾನೆ ಮಾಲೀಕ ಬಿದ್ದಿದ್ದಾನೆ, ಎದೆಯಲ್ಲಿ ಉಳಿ ನಾಟಿದೆ. ಅಚ್ಚಿನಲ್ಲಿ ಇರುವುದೂ ಹಾಗೆಯೇ: ‘ಉಳಿಯೇ ಅವನನ್ನು ಕೊಂದಿತು.’ ಇವರು ಕನ್ನಡಕ ತೆಗೆದಿಟ್ಟರು.

“ಉಳಿ ಅಲ್ಲಮ್ಮ, ಉಳಿ!”

“ಸಾರ್, ಉಳೀನೇ ಹಾಕಿದೀನಲ್ಲ.”

“ಬಡಗಿ ಉಳಿ ಅಲ್ಲಮ್ಮ! ಅನ್ನಕ್ಕೆ ಆಕ್ಕೊಳೋ ಉಳಿ! ಅದ್ರಾಗೆ ಇಸ ಆಕಿದ್ದು!”

ವೇಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು, “ಆ ಮಡಿವಾಳ ಒಂದು ಅಕ್ಸರ ನುಂಗಿ ನನ್ನ ಕತೇನೇ ಕೊಂದ. ಅದ್ನ ಮೊದಲ್ನೇ ಪುಟದಾಗೆ ಆಕು, ಎಸರು ಸಮೇತ.”

“ಸೂಪರ್ ಸಾರ್, ಅದೇ ಒಂದು ಕಥೆ. ಕೈಬರಹ ಇದ್ರೆ ಪಕ್ಕದಲ್ಲೇ ಹಾಕೋಣ.”

“ಅದ್ನ ಗೆದ್ದಲು ತಿಂತು,” ಎಂದರು ಇವರು.

ಪುಸ್ತಕ ಹೊರಬಂದಾಗ ಓದಿದವರೆಲ್ಲ ಕೇಳಿದ್ದು ಒಂದೇ: ಮೈಮೇಲೆ ಗಾಯವೇ ಇಲ್ಲದವನು ಉಳಿಯಿಂದ ಸತ್ತದ್ದು ಹೇಗೆ? ಪೀಣ್ಯದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇವರಿಗೆ ‘ಉಳಿ ಬೈರಪ್ಪ’ ಎಂದೇ ಹೆಸರಾಯಿತು. ನಿಮ್ಮ ಪ್ರೆಸ್ಸಿಗೆ ಬಂದು ಮಡಿವಾಳಣ್ಣನ ಕೊರಳಪಟ್ಟಿ ಹಿಡಿದವರು, ಆಮೇಲೆ ಅವರೊಡನೆ ಒಂದು ಮಾತೂ ಆಡಲಿಲ್ಲ. ಮತ್ತೊಂದು ಕಥೆಯನ್ನೂ ಕಟ್ಟಲಿಲ್ಲ. ಆ ಜಗಳದ ಮಾರನೆಯ ಬೆಳಿಗ್ಗೆ ಮಡಿವಾಳಣ್ಣ ನಮ್ಮ ಮನೆಗೆ ಬಂದು, “ಕತೆ ಬರೆದಿದ್ದ ನೋಟ್‌ಬುಕ್ ತೋರ್ಸಮ್ಮ. ಅದ್ರಲ್ಲಿ ಇದ್ದಂಗೇ ಅಚ್ಚಿನ ಮೊಳೆ ಜೋಡ್ಸಿದೀನಿ,” ಎಂದರು. ಗೆದ್ದಲು ತಿಂದಿತೆಂದು ಅವರಿಗೂ ಇವರಿಗೂ ಹೇಳಿದವಳು ನಾನೇ.

ನೋಟ್‌ಬುಕ್ಕಿನಲ್ಲಿ ಇದ್ದದ್ದು ನನ್ನ ಅಕ್ಷರ, ಭದ್ರಿ. ಮಿಷನ್ನಿಗೆ ಸಿಕ್ಕಿ ಇವರ ಬಲಗೈಯ ಎರಡು ಬೆರಳು ಹೋಗಿದ್ದ ಕಾಲ. ಇವರು ಹೇಳುತ್ತಿದ್ದರು, ನಾನು ಕೇಳಿಸಿದ್ದನ್ನು ಬರೆಯುತ್ತಿದ್ದೆ. ಶಾಲೆಯಲ್ಲಿ ನರಸಿಂಹಯ್ಯ ಮೇಷ್ಟ್ರು ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, “ಹ ಅನ್ನು, ಉಸಿರು ತಾಗಬೇಕು,” ಎನ್ನುತ್ತಿದ್ದರಲ್ಲ. ನೀನು ಕಲಿತೆ. ನನ್ನ ಕೈಗೆ ಹಕಾರ ಬಂದದ್ದು ಪುಸ್ತಕದ ಗಲಾಟೆಯೆಲ್ಲ ಆದ ಮೇಲೆ, ದಿನಾ ಬೆಳಿಗ್ಗೆ ಎದ್ದು ಶ್ರೀಹರಿ ಶ್ರೀಹರಿ ಎಂದು ನೋಟ್‌ಬುಕ್ಕುಗಟ್ಟಲೆ ಬರೆದು.

ಇವತ್ತು ಸಂಜೆ ದೀಪ ಹಚ್ಚುವಾಗ ಮಡಿವಾಳಣ್ಣನ ಹೆಸರಿನಲ್ಲೂ ಒಂದು ಹಚ್ಚುತ್ತೇನೆ. ದೇವರು ನಿನ್ನನ್ನೂ ಮೊಮ್ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ಇತಿ,
ಸೊಣ್ಣಮ್ಮ

ವಿ.ಸೂ.: ಗೆದ್ದಲು ತಿನ್ನಲಿಲ್ಲ. ಆ ಬೆಳಿಗ್ಗೆ ಮಡಿವಾಳಣ್ಣ ಬರುವ ಮೊದಲೇ ನೋಟ್‌ಬುಕ್ಕನ್ನು ಟ್ರಂಕಿನಿಂದ ತೆಗೆದು ನೋಡಿದೆ, ‘ಉಳಿ’ ಎಂದೇ ಬರೆದಿದ್ದೆ. ಹಂಡೆಯ ಒಲೆಗೆ ಹಾಕಿದೆ. ವೇಣಿಯ ಮೊದಲ ಪುಟದಲ್ಲಿ ಮಡಿವಾಳಣ್ಣನ ಹೆಸರು ಬರುವುದಿಲ್ಲ, ನನ್ನದು ಬರುತ್ತದೆ. ಈ ಕಾಗದ ಡಬ್ಬಿಗೆ ಹಾಕಿ ಬಂದು ಇವರಿಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಹಾಕದೆ ಇದ್ದುಬಿಟ್ಟೇನು. ಅವತ್ತು ತುಂಬಾ ಚಳಿ. ಮಡಿವಾಳಣ್ಣ ಬಾಗಿಲಿಗೆ ಬಂದಾಗ ಕಾಲು ತೊಳೆಯಲು ಬಿಸಿನೀರು ಕೊಟ್ಟೆ. “ಈ ಚಳೀಲಿ ಪುಣ್ಯ ಕಟ್ಕೊಂಡೆ ಕಣಮ್ಮ,” ಎಂದರು. ಆ ನೀರು ಕಾದದ್ದು ಆ ನೋಟ್‌ಬುಕ್ಕಿನ ಉರಿಯಲ್ಲಿ.