ಎರಡು ಮನೆ, ಒಂದು ಉಸಿರು

ಭಾನುವಾರ, ಮಧ್ಯಾಹ್ನ

ಮೇಷ್ಟ್ರೇ,

ಬೇರೆ ಸಂಬೋಧನೆ ಹುಡುಕಿದೆ. ‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ‘ಇವರಿಗೆ’ ಎಂದರೆ ಪ್ರೆಸ್ಸಿನ ಮ್ಯಾನೇಜರಿಗೆ ರಜೆ ಕೇಳಿದ ಹಾಗಿತ್ತು. ಕೊಳಲು ಕಲಿಯಲು ಬರುವ ಮಕ್ಕಳು ಕರೆಯುವುದನ್ನೇ ನಾನೂ ತಮಾಷೆಗೆ ಕರೆದು ಕರೆದು, ಗಂಡನಿಗೆ ಬೇರೆ ಹೆಸರೇ ಇಲ್ಲದಂತಾಗಿದೆ. ಕರಡು ತಿದ್ದುವವಳೆಂದು ನೀವು ನನಗೆ ಕರಡಿ ಎಂದು ಹೆಸರಿಟ್ಟಿದ್ದಿರಿ. ಈಗ ಹಾಗೆ ಯಾರೂ ಕರೆಯುವುದಿಲ್ಲ.

ನಿಮ್ಮದೊಂದು ಒಪ್ಪಿಗೆ ಬೇಕಿತ್ತು, ಅದಕ್ಕೇ ಈ ಕಾಗದ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಾವು ಗ್ಯಾಸು, ನಲ್ಲಿ ರಿಪೇರಿ, ಮಗಳ ಆರೋಗ್ಯ ಎಲ್ಲ ಮುಗಿಸಿ ‘ಸರಿ ಮತ್ತೆ’ ಎನ್ನುತ್ತೇವೆ. ಅದಾದ ಮೇಲೆ ಯಾರಿಗೂ ಏನನ್ನೂ ಕೇಳಲಾಗುವುದಿಲ್ಲ.

ಒಂದು ವರ್ಷಕ್ಕೆಂದು ನೀವು ಆ ಊರಿನ ಶಾಲೆಗೆ ಹೋದಿರಿ. ವರ್ಷ ಮುಗಿದದ್ದನ್ನು ಇಬ್ಬರೂ ಗಮನಿಸದವರ ಹಾಗಿದ್ದೇವೆ. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ಪ್ರೆಸ್ಸಿನಲ್ಲಿ ಔಷಧಿ ಡಬ್ಬಿಯೊಳಗಿನ ಚೀಟಿಗಳ ಕರಡು ಅದೇ; ಊಟಕ್ಕೆ ಮೊದಲು, ಊಟದ ನಂತರ, ವೈದ್ಯರ ಸಲಹೆಯಂತೆ. ಮನೆಗೆ ಬಂದರೆ ಈ ಕುರ್ಚಿಯಿಂದ ಆ ಕುರ್ಚಿಗೆ. ಕಿಟಕಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಹಾಗೆ ಸುತ್ತುವಾಗಲೇ ನೀವು ಐದೈದು ಗೆರೆಗಳ ಮೇಲೆ ಸ್ವರ ಬರೆದು ಬಿಟ್ಟುಹೋದ ಪಾಠದ ಹಾಳೆಗಳು ಕೈಗೆ ಸಿಕ್ಕಿದ್ದು. ಕಂಪ್ಯೂಟರಿಗೆ ಏರಿಸೋಣ ಅನ್ನಿಸಿತು. ಸಂಗೀತ ಬರೆಯುವ ಸಾಫ್ಟ್‌ವೇರ್ ಒಂದಿದೆ. ಬಿಟ್ಟಿ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದು. ಸ್ವರ ಓದಲು ಬಾರದ ನಾನು ಗೆರೆ ಎಣಿಸಿ ಎಣಿಸಿ ಕಲಿತೆ.

ಅಚ್ಚು ತೆಗೆದು ನೋಡಿದರೆ ಸಾಲಿನ ಕೊನೆಯ ಅಲ್ಪವಿರಾಮ ಮಾಯ. ಪರದೆಯ ಮೇಲಿದೆ, ಕಾಗದದಲ್ಲಿಲ್ಲ. ಅದು ಅಲ್ಪವಿರಾಮವಲ್ಲ, ಊದುವವರು ಉಸಿರೆಳೆದುಕೊಳ್ಳಬೇಕಾದ ಗುರುತು ಎಂದು ನೀವೊಮ್ಮೆ ಹೇಳಿದ್ದು ಆಮೇಲೆ ನೆನಪಾಯಿತು. ಸಾಲಿನ ನಡುವೆ ಇದ್ದರೆ ಉಳಿಯುತ್ತದೆ. ಸಾಲು ಅಲ್ಲಿಗೇ ಮುಗಿದರೆ ಬಿದ್ದುಹೋಗುತ್ತದೆ. ಸುಮ್ಮನಿರಲಾಗದೆ ಆ ಸಾಫ್ಟ್‌ವೇರ್ ನಡೆಸುವವರಿಗೆ ಬರೆದೆ.

ಉತ್ತರ ಕೊಟ್ಟವರು ತಮ್ಮ ಫೋಟೋ ಬದಲು ಗೂಬೆಯ ಚಿತ್ರ ಹಾಕಿಕೊಂಡವರು. ಗಂಡೋ ಹೆಣ್ಣೋ ಗೊತ್ತಿಲ್ಲ, ಎಲ್ಲರೂ ಗೂಬೆ ಎಂದೇ ಕರೆಯುತ್ತಾರೆ. “ದೂರು ಹೇಳೋರು ಬೇಕಾದಷ್ಟು ಜನ ಇದ್ದಾರೆ. ನೀವು ಕೈ ಜೋಡಿಸ್ತೀರಾ?” ಎಂದು ಕೇಳಿದರು. ನನ್ನನ್ನು ಯಾರಾದರೂ ಹೀಗೆ ಕರೆದು ಎಷ್ಟು ಕಾಲವಾಗಿತ್ತೋ, ತಕ್ಷಣ ಹೂಂ ಅಂದುಬಿಟ್ಟೆ. ಮಗಳು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. “ಅಮ್ಮಾ, ಸಂಬಳ ತಗೊಂಡು ತಪ್ಪು ಹುಡುಕ್ತಿದ್ದೆ, ಸರಿ. ಈಗ ಪುಕ್ಕಟೆ ಬೇರೆ ಶುರು ಮಾಡಿದ್ಯಾ? ಪಾಪ ಕಣೇ ಆ ಗೂಬೆ!”

ನನಗೆ ಕೊಟ್ಟ ಕೆಲಸ ಸಣ್ಣದು. ದೋಷವಿರುವ ಪಾಠದಿಂದ ಬೇಡದ್ದನ್ನೆಲ್ಲ ತೆಗೆಯುತ್ತ ಹೋಗಬೇಕು. ಒಂದು ಸಾಲು ಅಳಿಸಿ, ದೋಷ ಇನ್ನೂ ಇದೆಯೇ ಎಂದು ನೋಡುವುದು. ಇದ್ದರೆ ಆ ಸಾಲಿನದ್ದೇನೂ ತಪ್ಪಿಲ್ಲ, ಇನ್ನೊಂದನ್ನು ಅಳಿಸುವುದು. ಕೊನೆಗೆ ಉಳಿದದ್ದು ಎರಡು ಮನೆ (ನಿಂತ ಗೆರೆಗಳ ನಡುವಿನ ಜಾಗಕ್ಕೆ ನೀವು ಮಕ್ಕಳಿಗೆ ಹೇಳಿಕೊಡುತ್ತಿದ್ದ ಹೆಸರು ಅದೇ ತಾನೇ?) ಮತ್ತು ಒಂದು ಉಸಿರು.

ಕೈಗೆ ಅಂಟಿದ ಚಾಳಿ. ಬಸ್ಸಿನಲ್ಲಿ ಕೂತು ನಮ್ಮಿಬ್ಬರದ್ದನ್ನೂ ಹಾಗೇ ಅಳಿಸಿ ನೋಡಿದೆ. ನಿಮ್ಮ ಅಕ್ಕನ ಮಾತುಗಳನ್ನು ತೆಗೆದೆ, ದೋಷ ಇತ್ತು. ನನ್ನ ಪ್ರೆಸ್ಸು, ನಿಮ್ಮ ಸಂಜೆಯ ಪಾಠಗಳು, ಮಗಳ ಮದುವೆಯ ಗಲಾಟೆ ತೆಗೆದೆ, ಇನ್ನೂ ಇತ್ತು. ಉಳಿದದ್ದು ನೀವು ಹೊರಟ ಬೆಳಿಗ್ಗೆ. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ಒಂದು ಗಳಿಗೆ ನಿಂತಿರಿ. “ಪಟ್ಟಿ ತಿರುಚಿಕೊಂಡಿದೆ ನೋಡಿ” ಎಂದೆ. ಸರಿಮಾಡಿಕೊಂಡು ಹೋದಿರಿ. ಅದಕ್ಕಿಂತ ಚಿಕ್ಕದು ಮಾಡಲು ನನ್ನಿಂದಾಗಲಿಲ್ಲ.

ಇರಲಿ, ಕೆಲಸದ ವಿಷಯ. ಇಂಥ ತುಣುಕನ್ನು ಸಾಫ್ಟ್‌ವೇರಿನೊಳಗೇ ಸೇರಿಸಿಡುತ್ತಾರೆ. ಮುಂದೆ ಯಾರು ಎಲ್ಲಿ ಕೂತು ಏನನ್ನು ಬದಲಿಸಿದರೂ, ಯಂತ್ರ ಮೊದಲು ಅದನ್ನು ಬರೆದು ನೋಡಿ, ಉಸಿರು ಉಳಿದಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಒಮ್ಮೆ ಸೇರಿಸಿದರೆ ಅದು ಎಲ್ಲರದ್ದು, ವಾಪಸು ಕೇಳುವಂತಿಲ್ಲ. ಹಾಗಾಗಿ ಬರೆದವರ ಒಪ್ಪಿಗೆಯಿಲ್ಲದೆ ನಿಮ್ಮ ಎರಡು ಮನೆಯನ್ನು ಮುಟ್ಟುವುದಿಲ್ಲ ಎಂದು ಗೂಬೆ ಕಡ್ಡಿ ಮುರಿದಂತೆ ಹೇಳಿದ್ದಾರೆ. ಒಂದು ಸಾಲು ಬರೆದು ಕಳಿಸಿ. ಬೇಡವೆಂದಾದರೂ ಬರೆಯಿರಿ. ಹಾಳೆಯನ್ನು ಕಣ್ಣಾರೆ ನೋಡದೆ ಹೇಳಲಾರೆ ಎಂದರೆ ಅದಕ್ಕೂ ಅಡ್ಡಿಯಿಲ್ಲ. ಭಾನುವಾರ ಮನೆಯಲ್ಲೇ ಇರುತ್ತೇನೆ, ಯಾವುದೋ ಒಂದು ಕುರ್ಚಿಯಲ್ಲಿ.

ಇಂತಿ,
ಕರಡಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಗೂಬೆ ಇನ್ನೊಂದು ಮಾತು ಹೇಳಿದ್ದರು: “ಅವರಿಗ್ಯಾಕೆ ಕಾಯ್ತೀರಿ? ನೀವೇ ಯಾವುದಾದ್ರೂ ನಾಲ್ಕು ಸ್ವರ ಗೀಚಿ, ಕೊನೆಗೊಂದು ಉಸಿರು ಹಾಕಿ ಕಳಿಸಿ, ಸಾಕು.” ಗೀಚಿ ಕಳಿಸಿದೆ. ಸಾಕಾಯಿತು. ದೋಷ ಹೋದ ವಾರವೇ ಸರಿಹೋಗಿದೆ.