ಕಥಾಸಾರದೊಳಗೆ ಹೊಕ್ಕ ನಿದ್ದೆ

ಎಲ್ಲರೂ ಸೇರಿ ಬರೆಯುವ ಅಂತರಜಾಲ ವಿಶ್ವಕೋಶದ ನಿರ್ವಾಹಕ ಮಹಾಶಯರೇ,

ನಮ್ಮ ತಂಡದ ನಾಟಕದ ಪುಟದಲ್ಲಿ ‘ಕಥಾಸಾರ’ ಎಂಬ ತಲೆಬರಹದಡಿ ಒಂದು ವಾಕ್ಯ ರಾರಾಜಿಸುತ್ತಿದೆ: ‘ಎರಡನೇ ಅಂಕದಲ್ಲಿ ರಾಜನು ರಾಜ್ಯವನ್ನು ಕಳೆದುಕೊಳ್ಳುತ್ತಾನೆ, ಪ್ರೇಕ್ಷಕರು ನಿದ್ದೆ ಹೋಗುತ್ತಾರೆ.’ ಆಹಾ! ಮೊದಲರ್ಧ ಕಥೆ, ಒಪ್ಪಿದೆ. ಉಳಿದರ್ಧ ಯಾರ ಕಥೆ ಸ್ವಾಮೀ? ನಾಟಕ ಬರೆದವರು ಆ ನಿದ್ದೆಯನ್ನು ಬರೆದಿಲ್ಲ, ನಾವು ಅದಕ್ಕೆ ತಾಲೀಮು ಮಾಡಿಲ್ಲ. ಯಾರೋ ಒಬ್ಬ ಪುಣ್ಯಾತ್ಮ ಆಕಳಿಸಿದ್ದು ಸಕಲ ಪ್ರೇಕ್ಷಕಕೋಟಿಯ ಇತಿಹಾಸವಾಯಿತೇ?

ಸಭಾಂಗಣದ ವ್ಯವಸ್ಥಾಪಕರು ಈ ಪುಟವನ್ನು ಮೊಬೈಲಿನಲ್ಲಿ ನನ್ನ ಮೂಗಿಗೆ ಹಿಡಿದು, "ನಾನ್ ಹೇಳ್ತಿಲ್ಲ ಯಜಮಾನ್ರೇ, ಕಥೇಲೇ ಬರ್ದಿದೆ. ಮಲಗೋಕೆ ನಮ್ಮ ಕುರ್ಚಿಗಳು ಅಷ್ಟು ಚೆನ್ನಾಗಿಲ್ಲ" ಎಂದರು. ಶನಿವಾರದೊಳಗೆ ಪುಟ ಸರಿಹೋಗದಿದ್ದರೆ ನಮ್ಮ ದಿನಾಂಕ ಬೇರೆ ತಂಡದ ಪಾಲು. ಆರು ತಿಂಗಳು ತಾಲೀಮು ಮಾಡಿದ ಹನ್ನೆರಡು ಮಂದಿ ಬಣ್ಣ ಹಚ್ಚಿಕೊಂಡು ಎಲ್ಲಿಗೆ ಹೋಗಬೇಕು?

ನಾನೇನು ಕೈಕಟ್ಟಿ ಕೂರಲಿಲ್ಲ. ಆ ವಾಕ್ಯ ಅಳಿಸಿ, ‘ರಾಜನ ಪಾತ್ರಧಾರಿಯ ಸಿಂಹಗರ್ಜನೆಗೆ ಸಭಾಂಗಣ ನಡುಗುತ್ತದೆ’ ಎಂದು ಬರೆದೆ. ರಾಜನ ಪಾತ್ರಧಾರಿ ನಾನೇ. ಹತ್ತೇ ನಿಮಿಷದಲ್ಲಿ ತಾವು ‘ಇದು ಅಭಿಪ್ರಾಯ’ ಎಂದು ನನ್ನ ಗರ್ಜನೆಯನ್ನು ಕಿತ್ತು, ಹಳೆಯ ನಿದ್ದೆಯನ್ನು ಮರಳಿ ಹಾಸಿ, ನನಗೆ ಒಂದು ವಾರದ ನಿರ್ಬಂಧ ವಿಧಿಸಿದಿರಿ. ಗರ್ಜಿಸಿದರೆ ಅಭಿಪ್ರಾಯ, ಗೊರಕೆ ಹೊಡೆದರೆ ವಸ್ತುಸ್ಥಿತಿ! ಭಲೇ ನ್ಯಾಯ! ಆದರೆ ನನ್ನಾಕೆಯ ತೀರ್ಪು ಬೇರೆ: "ಆ ನಿದ್ದೆ ಬರೆದೋನು ಮಾಡಿದ್ದನ್ನೇ ನೀವೂ ಮಾಡಿದ್ರಿ ಕಣ್ರೀ. ಅವನು ಆಕಳಿಸಿದ, ನೀವು ಮೀಸೆ ತಿರುವಿದ್ರಿ. ಕಥೆ ಹೇಳಿದೋರು ಯಾರು?" ಒಪ್ಪಲೇಬೇಕಾಯಿತು, ಮನೆಯಲ್ಲಿ ನಾನು ರಾಜನಲ್ಲ.

ಕಥೆ, ಅಭಿಪ್ರಾಯ ಎರಡೂ ಬೆರೆತರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಮ್ಮಲ್ಲಿ ಎರಡು ಪುಸ್ತಕಗಳು: ಪರದೆಯ ಹಿಂದೆ ಮಾತು ಎತ್ತಿಕೊಡುವವರ ಕೈಯಲ್ಲಿ ನಾಟಕದ ಪ್ರತಿ, ಬಾಗಿಲಲ್ಲಿ, ನೋಡಿದವರು ಬರೆಯಲೆಂದು ಅಭಿಪ್ರಾಯದ ಪುಸ್ತಕ. ಒಮ್ಮೆ ಅಭಿಪ್ರಾಯದ ಪುಸ್ತಕ ತುಂಬಿತೆಂದು ಬಾಗಿಲು ಕಾಯುವವರು ನಾಟಕದ ಪ್ರತಿಯನ್ನೇ ಮೇಜಿನ ಮೇಲಿಟ್ಟರು. ಅದರಲ್ಲಿ ಖಾಲಿ ಜಾಗ ಇತ್ತಂತೆ! ಮರುದಿನದ ಪ್ರದರ್ಶನದಲ್ಲಿ ನನಗೆ ಮಾತು ತಪ್ಪಿತು. ಪರದೆಯ ಹಿಂದಿನವರು ಮಂದ ಬೆಳಕಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಪಿಸುಗುಟ್ಟಿದರು. ನಾನು ಖಡ್ಗ ಎತ್ತಿ, ಸೂರು ಹಾರುವಂತೆ ಗುಡುಗಿದೆ: "ಈ ರಾಜನಿಗೆ ಗಂಟಲಿದೆ, ನೆನಪಿಲ್ಲ! ಬೇಗ ಸಾಯಿಸಿದರೆ ನಮಗೆ ಬಸ್ಸಾದರೂ ಸಿಗುತ್ತದೆ!" ಸೇನಾಪತಿ ತಬ್ಬಿಬ್ಬಾಗಿ ಇರಿದೇಬಿಟ್ಟ. ಒಂದಿಡೀ ಅಂಕ ಮೊದಲೇ ಸತ್ತೆ. ಬಿದ್ದಲ್ಲಿಂದಲೇ "ಏನಯ್ಯಾ ಇದು?" ಎಂದರೆ, "ನೀವೇ ತಾನೇ ಕೇಳ್ಕೊಂಡಿದ್ದು ಅಣ್ಣಾ!" ಎಂದ. ಆ ಖಾಲಿ ಜಾಗದಲ್ಲಿ ಹಿಂದಿನ ದಿನದ ಪ್ರೇಕ್ಷಕನೊಬ್ಬ ಬರೆದದ್ದು ಸುಳ್ಳಲ್ಲ, ತಕರಾರಿಲ್ಲ. ಬರೆದ ಜಾಗ ಮಾತ್ರ ತಪ್ಪು.

ಆದ್ದರಿಂದ, ಕಥಾಸಾರದಲ್ಲಿ ಕಥೆ ಮಾತ್ರ ಇರಲಿ. ಕೆಳಗೆ ‘ನೋಡಿದವರು ಹೇಳಿದ್ದು’ ಎಂಬ ಬೇರೆ ಭಾಗ ತೆರೆಯಿರಿ. ಯಾರು, ಯಾವ ಪ್ರದರ್ಶನ ನೋಡಿ, ಎಲ್ಲಿ ಹೇಳಿದರು ಎಂಬುದೂ ಜೊತೆಗಿರಲಿ. ನನ್ನ ಗರ್ಜನೆಯನ್ನು ಬೇಕಾದರೆ ಕೈಬಿಡಿ, ಎದೆ ಕಲ್ಲು ಮಾಡಿಕೊಂಡಿದ್ದೇನೆ. ಶನಿವಾರದೊಳಗೆ ಇಷ್ಟು ನಡೆಸಿಕೊಡಿ. ನಿದ್ದೆ ಹೋದವರನ್ನು ಅಳಿಸಿ ಎಂದು ನಾನು ಕೇಳುತ್ತಿಲ್ಲ. ಅವರಿಗೂ ಒಂದು ಕುರ್ಚಿ ಖಂಡಿತ ಇದೆ. ಅದು ಪ್ರೇಕ್ಷಕರ ಸಾಲಿನಲ್ಲಿದೆ, ರಂಗದ ಮೇಲಲ್ಲ.

ಇಂತಿ,
ತಮ್ಮ ಪುಟದಲ್ಲಿ ಒಂದು ಅಲ್ಪವಿರಾಮ ತಿದ್ದಲೂ ಇನ್ನೈದು ದಿನ ಅಧಿಕಾರವಿಲ್ಲದ
ಪದಚ್ಯುತ ಮಹಾರಾಜ