ಮನೆಯ ಕಾಗದ ಅವನೇ ಕೊಡಲಿ

ಮಹೇಶ್ವರಿ,

ನಾನೂ ನಿನ್ನ ಗಂಡನೂ ಹುನಗುಂದದ ಬ್ಯಾಂಕಿಗೆ ಹೊರಟಿದ್ದೇವೆ. ಇನ್ನೂ ವರ್ಷಗಟ್ಟಲೆ ಕಟ್ಟಬೇಕಿದ್ದ ಮನೆಸಾಲ ನಿನ್ನೆಗೆ ಮುಗಿಯಿತಲ್ಲ, ಇವತ್ತು ಕಾಗದಪತ್ರ ಕೊಡುತ್ತಾರಂತೆ.

ಬುಟ್ಟಿಯಲ್ಲಿ ರೊಟ್ಟಿ, ಒಲೆಯ ಮೇಲೆ ಎಣ್ಣೆಗಾಯಿ ಇದೆ. ಶಾಲೆಯಿಂದ ಬಂದವಳೇ ಉಂಡುಬಿಡು. ನಳ ಬಂದರೆ ನೀರು ತುಂಬು. ಮೊಬೈಲು ನೋಡುತ್ತ ಮರೆತು ಕೂರಬೇಡ.

ಅವನು ಬರಲು ಒಪ್ಪಿರಲೇ ಇಲ್ಲ. “ಫ್ಯಾಕ್ಟರಿಯವ್ರು ಕೆಲಸದಿಂದ ತಗದು ಕೊಟ್ಟ ರೊಕ್ಕದಾಗ ಸಾಲಾ ತೀರಿಸೇನಿ. ಅದರಾಗೇನ ದೊಡ್ಡಸ್ತಿಕಿ ಐತಿ ಬೇ?” ಎಂದ.

“ಆ ರೊಕ್ಕದಾಗ ಮೋಟರಸೈಕಲ್ ತಗೊಂಡು ಊರ ತಿರಗಲಿಲ್ಲಲ್ಲ, ಅದ ದೊಡ್ಡಸ್ತಿಕಿ. ನಡಿ, ಅಂಗಿ ಹಾಕ್ಕೊ” ಎಂದೆ. ನಕ್ಕ. ಎಷ್ಟು ದಿನವಾಗಿತ್ತು ಆ ನಗು ಕಂಡು!

ಅವನ ಕೆಲಸ ಹೋದಾಗಿನಿಂದ ನೀನು ಪಗಾರವನ್ನು ದೇವರ ಜಗಲಿಯ ಮೇಲೆ ಇಡುತ್ತಿದ್ದೀ. ಖರ್ಚಿಗೆ ಅವನು ನಿನ್ನ ಕೈ ನೋಡಬಾರದೆಂದು. ನಾನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಗೊತ್ತಾಗಿತ್ತು ತಾಯಿ.

ಹೊಸ ಕೆಲಸದ ಮಾತು ಇವತ್ತೊಂದು ದಿನ ಬೇಡ. ನಾನು ಬಸ್ಸಿಳಿದು ಹಿಂದಿನ ಓಣಿಯ ಸಂಗವ್ವನ ಮನೆಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ. ಕಾಗದವನ್ನು ಅವನೇ ನಿನ್ನ ಕೈಗೆ ಕೊಡಲಿ.

ನಿನ್ನ ಅತ್ತೆ